ಸುಂಕದವನ ಮುಂದೆ

ನಮಸ್ಕಾರ ಕೇಳುಗರೇ. ಆನ್‌ಲೈನಿನಲ್ಲಿ ತರಿಸಿದ ಪಾರ್ಸಲ್ ಡಬ್ಬ ಮನೆಯಲ್ಲಿ ಯಾವುದಾದರೂ ಬಿದ್ದಿದ್ದರೆ ಒಮ್ಮೆ ಕೈಗೆತ್ತಿಕೊಳ್ಳಿ. ಕಂಪನಿಯ ಹೆಸರು ದಪ್ಪಗೆ ಕಾಣುತ್ತದೆ. ಪಕ್ಕದಲ್ಲಿ ಅಂಟಿಸಿದ ಬಿಲ್ ನೋಡಿ, ಕನ್ನಡಕ ಹಾಕಿಕೊಂಡರೂ ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರದಲ್ಲಿ ‘ಸೋಲ್ಡ್ ಬೈ’ ಅಂತ ಇನ್ನೊಂದು ಹೆಸರಿರುತ್ತದೆ. ಸೂರತ್ತಿನವರೋ ತಿರುಪ್ಪೂರಿನವರೋ, ನೀವು ಕೇಳಿಯೇ ಇರುವುದಿಲ್ಲ. ನಿಮಗೆ ಸಾಮಾನು ಮಾರಿದವರು ಅವರು.

ಹಾಗಾದರೆ ದಪ್ಪ ಅಕ್ಷರದವರು ಮಾಡಿದ್ದೇನು?

ನಮ್ಮ ಕಡೆ ವಾರದ ಸಂತೆಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಂತೆ ಸುಂಕ ವಸೂಲಿ ಮಾಡುವ ಹಕ್ಕನ್ನು ಪಂಚಾಯಿತಿಯವರು ಹರಾಜು ಹಾಕುತ್ತಾರೆ. ಹರಾಜಿನಲ್ಲಿ ಗೆದ್ದವನು ಬಗಲಲ್ಲಿ ರಸೀದಿ ಪುಸ್ತಕ ಇಟ್ಟುಕೊಂಡು ಬೆಳಗ್ಗೆಯೇ ಬರುತ್ತಾನೆ. ಸೊಪ್ಪಿನ ಅಜ್ಜಿಗೆ ಇಷ್ಟು, ಬಟ್ಟೆ ಹರಡಿದವನಿಗೆ ಇಷ್ಟು. ಮಳೆ ಬಂದು ಸೊಪ್ಪು ಕೊಳೆತರೂ ಅವನ ಚೀಟಿ ಹರಿದೇ ಹರಿಯುತ್ತದೆ. ನಾವು ದೊಡ್ಡ ಆನ್‌ಲೈನ್ ಅಂಗಡಿ ಅಂತ ಕರೆಯುತ್ತೇವಲ್ಲ, ಅದು ನಮ್ಮ ದೇಶದಲ್ಲಿ ಬಹುಪಾಲು ಈ ಚೀಟಿ ಹರಿಯುವ ಕೆಲಸ.

ಶುರುವಿನಲ್ಲಿ ಹೀಗಿರಲಿಲ್ಲ. 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಬೆಂಗಳೂರಿನ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ತೆರೆದಾಗ ಮಾರಿದ್ದು ಪುಸ್ತಕ. ಹೆಸರು ಒಂದೇ ಆದರೂ ಇವರು ನೆಂಟರಲ್ಲ. ಇಬ್ಬರೂ ಮೊದಲು ಅಮೆಜಾನ್‌ನಲ್ಲಿ ಕೆಲಸ ಮಾಡಿದವರು. ಆಗ ನಮ್ಮಲ್ಲಿ ಕಾರ್ಡ್ ಇದ್ದವರೇ ಕಡಿಮೆ, ಇದ್ದವರಿಗೂ ಕಾಣದ ಅಂಗಡಿಗೆ ಮುಂಗಡ ದುಡ್ಡು ಕೊಡಲು ಭಯ. 2010ರಲ್ಲಿ ಅವರು ‘ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡಿ’ ಎಂದರು. ಕ್ಯಾಶ್ ಆನ್ ಡೆಲಿವರಿ. ನನ್ನ ಪ್ರಕಾರ ಭಾರತದ ಆನ್‌ಲೈನ್ ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಪಟ್ಟು ಇನ್ನೊಂದಿಲ್ಲ. ಆಮೇಲೆ ಬಂದ ಆ್ಯಪು, ಆಫರು ಎಲ್ಲ ಅದರ ಮುಂದೆ ಸಣ್ಣದು. 2013ರ ಜೂನ್‌ನಲ್ಲಿ ಅಮೆಜಾನ್ ಕೂಡ ಇಲ್ಲಿ ಅಂಗಡಿ ತೆರೆಯಿತು. 2018ರಲ್ಲಿ ಅಮೆರಿಕದ ದೊಡ್ಡ ಅಂಗಡಿ ಸರಣಿ ವಾಲ್‌ಮಾರ್ಟ್ 1600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ 77 ಶೇಕಡ ಪಾಲು ಕೊಂಡಿತು.

ಇಷ್ಟು ದುಡ್ಡಿದ್ದವರು ಸಾಮಾನನ್ನೂ ತಾವೇ ಕೊಂಡು ಮಾರಬಹುದಲ್ವಾ? ಅಮೆರಿಕದಲ್ಲಿ ಅಮೆಜಾನ್ ಹಾಗೂ ಮಾಡುತ್ತದೆ. ಇಲ್ಲಿ ಕಾನೂನು ಅಡ್ಡ. ವಿದೇಶಿ ಬಂಡವಾಳದ ಕಂಪನಿ ಮಾರುವವರಿಗೆ ಜಾಗ ಕೊಡಬಹುದು, ತನ್ನದೇ ದಾಸ್ತಾನು ಇಟ್ಟುಕೊಂಡು ಗಿರಾಕಿಗೆ ಮಾರುವಂತಿಲ್ಲ ಎಂದು 2016ರ ನಿಯಮ ಹೇಳಿತು. ಈ ಅಡ್ಡಿ ದಾಟಲು ಒಂದು ಜಾಣ ದಾರಿಯೂ ಇತ್ತು. ಜಾಗ ನಮ್ಮದು, ಅಲ್ಲಿನ ಅತಿ ದೊಡ್ಡ ಅಂಗಡಿಯಲ್ಲೂ ನಮ್ಮದೊಂದು ಪಾಲು! ಅಮೆಜಾನ್ ಮತ್ತು ನಾರಾಯಣ ಮೂರ್ತಿಯವರ ಹೂಡಿಕೆ ಸಂಸ್ಥೆ ಕೆಟಮರಾನ್ ಸೇರಿ ಕಟ್ಟಿದ್ದ ಕ್ಲೌಡ್‌ಟೇಲ್ ನೆನಪಿರಬಹುದು, ಒಂದು ಕಾಲಕ್ಕೆ ಅರ್ಧ ಬಿಲ್ಲುಗಳಲ್ಲಿ ಅದೇ ಹೆಸರು ಇದೆಯೇನೋ ಅನಿಸುತ್ತಿತ್ತು. 2018ರ ಡಿಸೆಂಬರಿನಲ್ಲಿ ಸರ್ಕಾರ ನಿಯಮ ಬಿಗಿ ಮಾಡಿತು, 2022ರಲ್ಲಿ ಕ್ಲೌಡ್‌ಟೇಲ್ ವ್ಯಾಪಾರ ನಿಲ್ಲಿಸಿತು. ಕೆಲವೇ ಮಾರಾಟಗಾರರಿಗೆ ಒಳಗಿಂದೊಳಗೆ ಅನುಕೂಲ ಮಾಡಿಕೊಡುತ್ತಾರೆ ಎಂಬ ದೂರಿನ ಮೇಲೆ ವ್ಯಾಪಾರದಲ್ಲಿ ಪೈಪೋಟಿ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಸ್ಪರ್ಧಾ ಆಯೋಗ 2020ರಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡೂ ಕಂಪನಿಗಳ ತನಿಖೆಗೆ ಹೇಳಿತು. ಬೇಡ ಎಂದು ಅವು ನಮ್ಮ ಹೈಕೋರ್ಟಿಗೆ ಬಂದವು. ತನಿಖೆ ನಡೆಯಲಿ ಎಂದು 2021ರಲ್ಲಿ ಹೈಕೋರ್ಟ್ ಹೇಳಿತು.

ಈಗ ಸಣ್ಣ ಅಕ್ಷರದವರ ಕಡೆ ಬರೋಣ. ಚನ್ನಪಟ್ಟಣದಲ್ಲಿ ನನ್ನ ಗೆಳೆಯನೊಬ್ಬ ಮರದ ಆಟಿಕೆ ಮಾಡಿಸಿ ಮಾರುತ್ತಾನೆ. ಹಾಲೆ ಮರ, ಮೇಲೆ ಅರಗಿನ ಬಣ್ಣ. ಒಂದು ದಿನ ಅವನ ಗೋದಾಮಿನಲ್ಲಿ ಕೂತಿದ್ದಾಗ ಪಾರ್ಸಲ್ ಲೇಬಲ್ಲಿನ ಹಿಂದೆ ಲೆಕ್ಕ ಬರೆದು ತೋರಿಸಿದ. ಆಟಿಕೆ ಕುದುರೆಗೆ 450 ರೂಪಾಯಿ. ಅದರಲ್ಲಿ ಕಮಿಷನ್ ಹೋಯಿತು, ಪ್ರತಿ ಆರ್ಡರಿಗೆ ಒಂದು ನಿಗದಿ ಶುಲ್ಕ ಹೋಯಿತು, ಸಾಗಣೆ ಹೋಯಿತು, ಈ ಶುಲ್ಕಗಳ ಮೇಲೆ ಮತ್ತೆ ಜಿಎಸ್‌ಟಿ. ಸಾಗಣೆಯ ಲೆಕ್ಕ ಕೇಳಿ, ಮಜಾ ಇದೆ. ಕುದುರೆಯ ತೂಕ ಡಬ್ಬ ಸೇರಿ 600 ಗ್ರಾಂ. ಆದರೆ ಡಬ್ಬ 30 ಸೆಂಟಿಮೀಟರ್ ಉದ್ದ, 20 ಅಗಲ, 20 ಎತ್ತರ. ಮೂರನ್ನೂ ಗುಣಿಸಿ 5000ದಿಂದ ಭಾಗಿಸುತ್ತಾರೆ, 2.4 ಬರುತ್ತದೆ. ಹಾಗಾಗಿ ಕುದುರೆ 2.4 ಕಿಲೋ! ತಕ್ಕಡಿ ಏನಾದರೂ ಹೇಳಲಿ. ಲಾರಿಯಲ್ಲಿ ಜಾಗ ತಿನ್ನುವುದು ಡಬ್ಬ ತಾನೇ, ಅವರ ಲೆಕ್ಕ ತಪ್ಪಲ್ಲ. ಆದರೆ ಅಂದಿನಿಂದ ನನ್ನ ಗೆಳೆಯ ಕುದುರೆಯ ಬಾಲ ಗಿಡ್ಡ ಮಾಡಿಸಿದ್ದಾನೆ.

ಎಲ್ಲ ಕಳೆದು ಅವನ ಕೈಗೆ ಬಂದದ್ದು 290ರ ಆಸುಪಾಸು. ಅದರಲ್ಲಿ ಮರ, ಕೂಲಿ, ಡಬ್ಬ.

ಜಾಹೀರಾತು ಇನ್ನೂ ಸೇರಿಸಿಲ್ಲ. ‘ಮರದ ಕುದುರೆ’ ಅಂತ ಹುಡುಕಿದರೆ ಮೊದಲ ಸಾಲುಗಳಲ್ಲಿ ಬರುವುದರ ಪಕ್ಕ ‘ಸ್ಪಾನ್ಸರ್ಡ್’ ಅಂತ ಇರುತ್ತದಲ್ಲ, ಅದು ದುಡ್ಡು ಕೊಟ್ಟು ಹಿಡಿದ ಜಾಗ. ಸಂತೆಯಲ್ಲಿ ಬಾಗಿಲ ಹತ್ತಿರದ ಜಾಗಕ್ಕೆ ಜಾಸ್ತಿ ಸುಂಕ ಇದ್ದ ಹಾಗೆ. ಇದೇನು ಚಿಲ್ಲರೆ ಕಾಸಲ್ಲ. 2023ರಲ್ಲಿ ಅಮೆಜಾನ್‌ಗೆ ಜಾಹೀರಾತಿನಿಂದಲೇ ಸುಮಾರು 4700 ಕೋಟಿ ಡಾಲರ್ ಬಂತು. ಅದೇ ವರ್ಷ ಅದರ ಕಾರ್ಯಾಚರಣೆ ಲಾಭದಲ್ಲಿ ಮೂರರಲ್ಲಿ ಎರಡು ಪಾಲು ಬಂದದ್ದು ಬೇರೆ ಕಂಪನಿಗಳಿಗೆ ಕಂಪ್ಯೂಟರ್ ಸೇವೆ ಬಾಡಿಗೆ ಕೊಡುವ ಕ್ಲೌಡ್ ವಿಭಾಗದಿಂದ. ಬೆಂಗಳೂರಿನ ಇನ್ನೊಂದು ಆನ್‌ಲೈನ್ ಅಂಗಡಿ ಮೀಶೋ 2021ರಲ್ಲಿ ಮಾರಾಟಗಾರರಿಂದ ಕಮಿಷನ್ನೇ ಬೇಡ ಎಂದಾಗ ಜನ ಇವರಿಗೇನು ಹುಚ್ಚಾ ಅಂದರು. ಹುಚ್ಚೇನಲ್ಲ, ಜಾಹೀರಾತು ಇದೆ, ಸಾಗಣೆ ಇದೆ.

ಬೇರೆ ಕಡೆ ಇಂಥ ದುಡ್ಡು ಬರುವವನಿಗೆ ಅಂಗಡಿಯಲ್ಲಿ ನಷ್ಟ ಮಾಡಿಕೊಳ್ಳುವ ತಾಕತ್ತೂ ಇರುತ್ತದೆ. ಅಮೆರಿಕದಲ್ಲಿ ಡೈಪರ್ಸ್ ಡಾಟ್ ಕಾಮ್ ಅಂತ ಒಂದಿತ್ತು. ಕೂಸುಗಳ ಡೈಪರ್ ಮಾರುತ್ತಿತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ಅಮೆಜಾನ್ ತನ್ನ ಡೈಪರ್ ಬೆಲೆ ಇಳಿಸಿತು, ಎಷ್ಟು ಇಳಿಸಿತೆಂದರೆ ಒಂದೇ ತಿಂಗಳಲ್ಲಿ 20 ಕೋಟಿ ಡಾಲರ್ ಕಳೆದುಕೊಳ್ಳಲೂ ಸಿದ್ಧವಿತ್ತು ಎಂದು ಅಲ್ಲಿನ ಸಂಸತ್ ಸಮಿತಿ 2020ರಲ್ಲಿ ಹೊರತಂದ ದಾಖಲೆಗಳಿಂದ ಗೊತ್ತಾಯಿತು. 2010ರಲ್ಲಿ ಆ ಅಂಗಡಿಯವರು ಅಮೆಜಾನ್‌ಗೇ ಮಾರಿಕೊಂಡರು. 2017ರಲ್ಲಿ ಲಾಭ ಇಲ್ಲ ಅಂತ ಅಮೆಜಾನ್ ಅದನ್ನು ಮುಚ್ಚಿತು. ಅಗ್ಗಕ್ಕೆ ಡೈಪರ್ ಸಿಕ್ಕ ಅಮ್ಮಂದಿರು ಆಗ ಖುಷಿಪಟ್ಟಿದ್ದರು, ನಾನಿದ್ದರೂ ಪಡುತ್ತಿದ್ದೆ.

ಚನ್ನಪಟ್ಟಣಕ್ಕೆ ವಾಪಸ್. ನನ್ನ ಗೆಳೆಯ ‘ಆರ್‌ಟಿಓ’ ಜಾಸ್ತಿ ಎಂದಾಗ ಲೈಸೆನ್ಸ್ ಏನಾದರೂ ತೊಂದರೆಯಾ ಅಂತ ಕೇಳಿದ್ದೆ. ಅದು ‘ರಿಟರ್ನ್ ಟು ಒರಿಜಿನ್’ ಅಂತೆ. ಬಾಗಿಲಿಗೆ ಹೋದ ಪಾರ್ಸಲ್ಲನ್ನು ಗಿರಾಕಿ ಬೇಡ ಅಂದರೆ ಅದು ಬಂದ ದಾರಿಯಲ್ಲೇ ವಾಪಸ್. ಹೌದು, ಅದೇ ಕ್ಯಾಶ್ ಆನ್ ಡೆಲಿವರಿಯ ಇನ್ನೊಂದು ಮುಖ. ಒಮ್ಮೆ ರಿಟರ್ನ್ ಬಂದ ಡಬ್ಬದಲ್ಲಿ ಮರದ ಕುದುರೆ ಬದಲು ಕಾಲು ಮುರಿದ ಪ್ಲಾಸ್ಟಿಕ್ ಆನೆ ಇತ್ತು. ಆನ್‌ಲೈನ್ ಕಂಪನಿಗೆ ಬರೆದ. ಡಬ್ಬ ತೆರೆದ ವಿಡಿಯೋ ಕಳಿಸಿ ಅಂದರು. ಕಳಿಸಿದ. ವಿಡಿಯೋದಲ್ಲಿ ಲೇಬಲ್ ಸ್ಪಷ್ಟವಿಲ್ಲ ಅಂದರು. ಮತ್ತೆ ಬರೆದ, ನಿಮ್ಮ ದೂರು ಮುಕ್ತಾಯವಾಗಿದೆ ಅಂತ ಮೆಸೇಜ್ ಬಂತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಸಂತೆಯ ಸುಂಕದವನಾದರೂ ಎದುರಿಗೆ ನಿಂತಿರುತ್ತಾನೆ, ಬೈಯಬಹುದು.

ಬಿಟ್ಟುಬಿಡೋ ಮಾರಾಯ ಅಂದೆ. ಬಿಟ್ಟು ಎಲ್ಲಿಗೆ ಹೋಗಲಿ, ಗಿರಾಕಿಗಳೆಲ್ಲ ಅಲ್ಲೇ ಇದ್ದಾರಲ್ಲ ಅಂದ. ಸಂತೆ ತುಂಬಿದಷ್ಟೂ ಗಿರಾಕಿ, ಗಿರಾಕಿ ಬಂದಷ್ಟೂ ಅಂಗಡಿ. ಅದರ ಮೇಲೆ, ಕಟ್ಟಿದವರಿಗೆ ಸಾಗಣೆ ಬೇಗ, ಪುಕ್ಕಟೆ ಎನ್ನುವ ಪ್ರೈಮ್‌ನಂಥ ವಾರ್ಷಿಕ ಚಂದಾ. ಅಮೆಜಾನ್ 2005ರಲ್ಲಿ ಅದನ್ನು 79 ಡಾಲರಿಗೆ ಶುರು ಮಾಡಿತ್ತು. ಒಮ್ಮೆ ದುಡ್ಡು ಕಟ್ಟಿದವರು ಕಟ್ಟಿದ್ದು ವಸೂಲಾಗಲಿ ಅಂತ ಬೇರೆ ಅಂಗಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ನಮ್ಮ ಮನೆಯಲ್ಲೂ ಅದೇ ಕಥೆ. ಬೀದಿ ಕೊನೆಯ ಅಂಗಡಿಯಲ್ಲಿ ಸಿಗುವ ಪೊರಕೆಯೂ ಪಾರ್ಸಲ್ಲಿನಲ್ಲಿ ಬರುತ್ತದೆ.

ನನ್ನ ಗೆಳೆಯ ಈಗ ಒಂದು ಉಪಾಯ ಮಾಡಿದ್ದಾನೆ. ಡಬ್ಬದೊಳಗೆ ತನ್ನ ಫೋನ್ ನಂಬರಿನ ಚೀಟಿ ಹಾಕಿದರೆ ಕಂಪನಿಯವರು ಸುಮ್ನೆ ಬಿಡುವುದಿಲ್ಲ, ಗಿರಾಕಿ ಅವರ ಗಿರಾಕಿಯಂತೆ. ಅದಕ್ಕೆ ಕುದುರೆಯ ಹೊಟ್ಟೆಯ ಕೆಳಗೆ ಅಂಗಡಿಯ ಹೆಸರು, ನಂಬರು ಎರಡನ್ನೂ ಸುಟ್ಟು ಬರೆಸಿದ್ದಾನೆ. ಇದುವರೆಗೆ ಮೂರು ಜನ ಫೋನ್ ಮಾಡಿದ್ದಾರೆ. ಇಬ್ಬರು ಇನ್ನೊಂದು ಕುದುರೆ ಬೇಕು ಅಂದರಂತೆ. ಮೂರನೆಯವರು ಕೇಳಿದ್ದು ರಿಟರ್ನ್ ಮಾಡುವುದು ಹೇಗೆ ಅಂತ.

ನಮಸ್ಕಾರ.