ಸಾಲುಮನೆಯನ್ನು ಸಾಲಾಗಿಯೇ ನೋಡಿ

ಕಂಪ್ಯೂಟರ್ ನಕ್ಷೆಗೆ ಜನ ಕಳಿಸೋ ಕಟ್ಟಡದ ತ್ರೀಡಿ ಮಾಡೆಲ್ ಒಪ್ಪಬೇಕೋ ಬೇಡವೋ ಅಂತ ನೋಡೋರು ಸಾಲುಮನೆ, ಅಂದರೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಸಾಲು, ಬಂದಾಗ ಕನ್ನಡಕ ಬದಲಿಸಬೇಕು. ನಾನು ಇವತ್ತು ಹೇಳೋದು ಇಷ್ಟೇ.

2006ರಲ್ಲಿ ಗೂಗಲ್ ಕಂಪನಿ, ತ್ರೀಡಿ ಮಾಡೆಲ್ ಮಾಡೋ ಸ್ಕೆಚ್‌ಅಪ್ ಅನ್ನೋ ಸಾಫ್ಟ್‌ವೇರನ್ನು ಕೊಂಡುಕೊಂಡಿತು. ಆಮೇಲೆ ಯಾರು ಬೇಕಾದರೂ ತಮ್ಮೂರಿನ ಕಟ್ಟಡವನ್ನು ಮಾಡೆಲ್ ಮಾಡಿ ತ್ರೀಡಿ ವೇರ್‌ಹೌಸ್ ಅನ್ನೋ ಆನ್‌ಲೈನ್ ಸಂಗ್ರಹಕ್ಕೆ ಹಾಕಬಹುದಿತ್ತು, ಪರಿಶೀಲಕರು ಒಪ್ಪಿದರೆ ಅದು ಗೂಗಲ್‌ನ ಭೂಗೋಳ ನಕ್ಷೆಯಾದ ಗೂಗಲ್ ಅರ್ಥ್‌ನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಷರತ್ತುಗಳಿದ್ದವು. ಕಟ್ಟಡ ನಿಜವಾಗಿ ಅಲ್ಲೇ ಇರಬೇಕು, ಹೊರಗೋಡೆಗಳಿಗೆಲ್ಲ ಫೋಟೊ ಟೆಕ್ಸ್ಚರ್ (ಗೋಡೆಯ ಮೇಲೆ ಅಂಟಿಸಿದ ನಿಜವಾದ ಫೋಟೊ) ಇರಬೇಕು, ಗಾಳಿಯಲ್ಲಿ ತೇಲಬಾರದು, ನೆಲದಲ್ಲಿ ಹೂತಿರಬಾರದು, ಫೈಲ್ ಹಗುರ ಇರಬೇಕು. ಒಳ್ಳೆಯ ಷರತ್ತುಗಳೇ. ಆದರೆ ಇವು ನಾಲ್ಕೂ ಕಡೆ ಬಯಲಿರೋ ಕಟ್ಟಡಕ್ಕೆ ಹೇಳಿ ಮಾಡಿಸಿದ್ದು.

ಈಗ ಅಮೆರಿಕದ ಬಾಲ್ಟಿಮೋರ್ ತಗೊಳ್ಳಿ. ಬೀದಿ ತುಂಬಾ ಕೆಂಪು ಇಟ್ಟಿಗೆಯ ಕಿರಿದಾದ ಮನೆಗಳು, ಎಷ್ಟೋ ಮನೆಗಳ ಬಾಗಿಲಲ್ಲಿ ಬಿಳಿ ಅಮೃತಶಿಲೆಯ ಮೆಟ್ಟಿಲು, ಪಕ್ಕದ ಮನೆಗೂ ಇದಕ್ಕೂ ನಡುವೆ ಒಂದೇ ಗೋಡೆ. ಆ ಗೋಡೆಯ ಫೋಟೊ ಎಲ್ಲಿಂದ ತರೋದು? ಅದು ಹೊರಗೆ ಕಾಣೋದೇ ಇಲ್ಲ! ಒಂದೇ ಮನೆ ಮಾಡೆಲ್ ಮಾಡಿದರೆ ಎರಡೂ ಬದಿ ಬೋಳು. ಪಕ್ಕದ ಮನೆಯನ್ನು ಬೇರೆ ಯಾರೋ ಮಾಡಿ ಹಾಕಿದರೆ ಎರಡು ಗೋಡೆ ಒಂದೇ ಜಾಗದಲ್ಲಿ ಕೂತು, ಅಂಚುಗಳು ತಾಗುವ ಕಡೆ ಮಿಣಮಿಣ ಅನ್ನುತ್ತೆ. ಯಾವ ಗೋಡೆ ಮುಂದೆ ಅಂತ ಕಂಪ್ಯೂಟರಿಗೆ ತಿಳಿಯದೆ ಆಗೋದು ಇದು, ಝಡ್-ಫೈಟಿಂಗ್ ಅಂತಾರೆ. ಹಿತ್ತಲ ಕಡೆ ಇರೋದು ಸಣ್ಣ ಓಣಿ, ಅಲ್ಲಿ ನಿಂತು ಫೋಟೊ ತೆಗೆದರೆ ಪೂರ್ತಿ ಗೋಡೆ ಫ್ರೇಮಿಗೇ ಬರಲ್ಲ.

ಅದಕ್ಕೇ ನನ್ನ ಪ್ರಕಾರ ಮಾಡೆಲ್ ಮಾಡೋರೂ ಪರಿಶೀಲಿಸೋರೂ ಇಡೀ ಸಾಲನ್ನೇ ಒಂದು ಕಟ್ಟಡ ಅಂತ ಹಿಡಿಯಬೇಕು. ಆಗ ನಡುವಿನ ಗೋಡೆಯ ಪ್ರಶ್ನೆಯೇ ಇಲ್ಲ, ಫೈಲೂ ಹಗುರ. ಬೀದಿ ಇಳಿಜಾರಾಗಿದ್ದರೆ ಮಾತ್ರ ಜಾಸ್ತಿ ಕೆಲಸ ಇದೆ: ಸಾಲನ್ನು ಒಂದೇ ಮಟ್ಟದಲ್ಲಿ ಕೂರಿಸಿದರೆ ಈ ತುದಿ ಹೂತು ಆ ತುದಿ ತೇಲುತ್ತೆ, ಹಾಗಾಗಿ ಪ್ರತಿ ಮನೆಯ ಮಟ್ಟವನ್ನು ಬೇರೆಬೇರೆ ಇಟ್ಟು, ಗೋಡೆಯ ಬುಡವನ್ನು ನೆಲದಿಂದ ಸ್ವಲ್ಪ ಕೆಳಗೆ ಇಳಿಸಬೇಕು. ಇದನ್ನು ನೋಡಿ ಪರಿಶೀಲಕರು "ಹೂತಿದೆ" ಅಂದರೆ ಅದು ಅನ್ಯಾಯ, ಅಲ್ವಾ? ಬಾಗಿಲು ಬೀದಿ ಮಟ್ಟಕ್ಕಿದೆಯಾ ಅಂತ ನೋಡಬೇಕು.

ಜನರೇ ಸೇರಿ ಬರೆಯೋ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದನ್ನು ಚೆನ್ನಾಗಿ ಬಗೆಹರಿಸಿದೆ. ಇಡೀ ಸಾಲಿಗೆ ಒಂದೇ ಗೆರೆ ಎಳೆದು ಸಾಲುಮನೆ ಅಂತ ಗುರುತು ಹಾಕಬಹುದು, ಬೇಕಾದವರು ಆಮೇಲೆ ಒಂದೊಂದು ಮನೆಯಾಗಿ ಬಿಡಿಸಬಹುದು.

ಗೂಗಲ್ ಅರ್ಥ್ 2013ರ ಅಕ್ಟೋಬರ್‌ನಲ್ಲಿ ಜನರ ಮಾಡೆಲ್ ತಗೊಳ್ಳೋದನ್ನೇ ನಿಲ್ಲಿಸಿತು. ಈಗ ವಿಮಾನದಿಂದ ತೆಗೆದ ಫೋಟೊಗಳಿಂದ ಕಂಪ್ಯೂಟರೇ ಊರು ಕಟ್ಟುತ್ತೆ. ಗೋಪುರಕ್ಕೆ, ಸ್ಟೇಡಿಯಮ್ಮಿಗೆ ಅದು ಸಾಕು. ಸಾಲುಮನೆಗೆ ಸಾಲದು, ಯಾಕಂದ್ರೆ ಅದರ ಚೆಂದ ಇರೋದು ಬೀದಿಗೆ ಮುಖ ಮಾಡಿದ ಗೋಡೆಯಲ್ಲಿ, ಅಂದರೆ ಮೇಲಿನಿಂದ ಸರಿಯಾಗಿ ಕಾಣದ ಕಡೆಯಲ್ಲಿ, ಹತ್ತಿರ ಹೋದರೆ ಮೆಟ್ಟಿಲು ಫುಟ್‌ಪಾತ್ ಎರಡೂ ಕರಗಿ ಒಂದೇ ಮುದ್ದೆ. ಬೀದಿಯಲ್ಲಿ ನಿಂತು ಕ್ಯಾಮೆರಾ ಹಿಡಿದ ಮನುಷ್ಯ ಇಲ್ಲಿ ಇನ್ನೂ ಬೇಕು. ಮುಂದೆ ಯಾವುದಾದರೂ ನಗರ ತನ್ನ ತ್ರೀಡಿ ನಕ್ಷೆಗೆ ಜನರ ಮಾಡೆಲ್ ಕೇಳಿದರೆ, ಸಾಲುಮನೆಗೆ ಬೇರೆ ಷರತ್ತು ಬರೆದಿಟ್ಟೇ ಕೇಳಲಿ.