ಹಳೆಯ ಪೈಪಿನ ಕಿಟ್ಟ ಬಿಡಿಸುವ ಬಗೆ

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳಲ್ಲಿ ಟ್ರಂಕು ತೆಗೆದಾಗ ಅಜ್ಜನ ಕಾಲದ ತಂಬಾಕಿನ ಪೈಪು ಸಿಗುವುದುಂಟು. ಸಿಕ್ಕ ಕೂಡಲೇ ಸೋಡಾಪುಡಿ ಹಚ್ಚಿ ತಿಕ್ಕಬೇಡಿ. ಹಳದಿ ಬಣ್ಣದ್ದು, ಭಾರವಾದದ್ದು ಹಿತ್ತಾಳೆ. ಬೆಳ್ಳಗೆ ಹಗುರಾಗಿದ್ದರೆ ಬಹುಶಃ ಅಲ್ಯೂಮಿನಿಯಂ. ಸೋಡಾ ತಗುಲಿದರೆ ಅಲ್ಯೂಮಿನಿಯಂ ಕಪ್ಪಾಗಿ, ಮೈಯೆಲ್ಲ ಸವೆಯುತ್ತದೆ.

1936ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಫಾಲ್ಕನ್ ಪೈಪು ಅಲ್ಯೂಮಿನಿಯಂನದು. ನಳಿಗೆಯ ತುದಿಯಲ್ಲಿ ಲೋಹದ ಪೀಠ, ಅದರೊಳಗೆ ತಿರುಪಿ ಕೂರಿಸುವ ಕಟ್ಟಿಗೆಯ ಬಟ್ಟಲು. ಹೆಚ್ಚಿನವರು ಪೈಪು ಕೆಡಿಸುವುದು ಈ ತಿರುಪಿನಲ್ಲೇ. ತಂಬಾಕಿನ ಕಿಟ್ಟ ಅಲ್ಲಿ ಅಂಟಿನಂತೆ ಗಟ್ಟಿಯಾಗಿರುತ್ತದೆ. ನಳಿಗೆ ಹಿಡಿದು ಜಗ್ಗಿದರೆ ತೆಳು ನಳಿಗೆ ಸೊಟ್ಟಾಗುತ್ತದೆ, ಇಕ್ಕಳ ಹಾಕಿದರೆ ಗಾಯ ಉಳಿಯುತ್ತದೆ. ನೀರಲ್ಲಿ ನೆನೆಹಾಕಿದರೂ ಕಷ್ಟವೇ: ಕಟ್ಟಿಗೆ ಉಬ್ಬಿ ಇನ್ನಷ್ಟು ಬಿಗಿಯುತ್ತದೆ.

ಬಟ್ಟಲಿನ ತಳದ ತೂತಿನಿಂದ ಹತ್ತು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ (ಕಿಟ್ಟ ಕರಗಿಸುವ ಒಂದು ಬಗೆಯ ಸ್ಪಿರಿಟ್) ಬಿಟ್ಟು ಒಂದು ತಾಸು ಕಾಯಿರಿ. ಒಲೆ, ದೀಪ ದೂರವಿರಲಿ, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಆಲ್ಕೋಹಾಲ್ ಪೂರ್ತಿ ಒಣಗಿದ ಮೇಲೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೀಠಕ್ಕೆ ಮಾತ್ರ ಎರಡು-ಮೂರು ನಿಮಿಷ ಸುತ್ತಿ. ಹೊರಗಿನ ಲೋಹ ಹಿಗ್ಗಿ ಕಿಟ್ಟ ಮೆತ್ತಗಾಗುತ್ತದೆ. ಆಗ ಪೀಠ ಹಿಡಿದು, ಸೈಕಲ್ ಟ್ಯೂಬಿನ ತುಂಡು ಸುತ್ತಿ ಬಟ್ಟಲನ್ನು ಎಡಕ್ಕೆ ತಿರುವಿ. ಬರದಿದ್ದರೆ ಮರುದಿನ ಮತ್ತೆ ಮಾಡಿ, ಬಲ ಹೆಚ್ಚಿಸಬೇಡಿ.

ಕೈಗವಸು ಮರೆಯಬೇಡಿ. ಕಿಟ್ಟದಲ್ಲಿನ ನಿಕೋಟಿನ್ ಚರ್ಮದೊಳಗೆ ಇಳಿಯುತ್ತದೆ.

ನಳಿಗೆಗೆ ತುದಿ ಮಡಚಿದ ಸಣ್ಣ ತಂತಿಗೆ ಹತ್ತಿಯ ಬತ್ತಿ ಸುತ್ತಿ, ಆಲ್ಕೋಹಾಲಿನಲ್ಲಿ ಅದ್ದಿ ಎಳೆಯಿರಿ. ಬತ್ತಿ ಬೆಳ್ಳಗೆ ಹೊರಬರುವ ತನಕ ಬದಲಿಸುತ್ತಿರಿ, ಕೊನೆಗೆ ಒಣ ಬತ್ತಿ. ಬಾಯಿತುದಿ ಪ್ಲಾಸ್ಟಿಕ್ಕಿನದಾದ್ದರಿಂದ ಅದಕ್ಕೆ ಉಗುರುಬೆಚ್ಚಗಿನ ಸಾಬೂನು ನೀರಷ್ಟೇ ಸಾಕು. ಬಟ್ಟಲಿನೊಳಗಿನ ಕರಿಯನ್ನು ಒಂದು ಮಿಲಿಮೀಟರಿನಷ್ಟು ಉಳಿಸಿ ಹೆರೆಯಿರಿ.

ಧಾರವಾಡದ ಮಳೆಗಾಲದ ತೇವದಲ್ಲಿ ಕಿಟ್ಟದ ಅಡಿಯಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿ ಕಟ್ಟುತ್ತದೆ. ಆ ಪುಡಿ ಒರೆಸಿದರೆ ಹೋಗುತ್ತದೆ, ಅಡಿಯ ಗುಳಿಗಳು ಹೋಗವು.

ಹಿತ್ತಾಳೆಗೆ ಹುಣಸೆ-ಉಪ್ಪು ಸರಿ, ಆದರೆ ಎರಡೇ ನಿಮಿಷ. ಹೆಚ್ಚು ಬಿಟ್ಟರೆ ಸತು ಕರಗಿ ತಾಮ್ರದ ಕೆಂಪು ಕಾಣುತ್ತದೆ. ಮೇಲೆ ವಾರ್ನಿಶ್ ಇದ್ದರೆ ಕಲೆಕಲೆಯಾಗುವುದರಿಂದ, ಮೊದಲು ಕೆಳಗಿನ ಒಂದು ಮೂಲೆಯಲ್ಲಿ ಪರೀಕ್ಷಿಸಿ. ತೊಳೆದ ತಕ್ಷಣ ಒರೆಸಿ, ಬಿಡಿಭಾಗಗಳನ್ನು ಒಂದು ರಾತ್ರಿ ಬಿಚ್ಚಿಯೇ ಇಟ್ಟು ಮರುದಿನ ಜೋಡಿಸಿ.