ಇಂಗ್ಲಿಷಿನ ‘ಗೆಟ್’

ಕೇಳುಗರಿಗೆ ನಮಸ್ಕಾರ. ಇಂಗ್ಲಿಷಿನ ‘ಗೆಟ್’ ಎಂಬ ಕ್ರಿಯಾಪದದ ಅರ್ಥವೇನೆಂದು ಯಾರಾದರೂ ಕೇಳಿದರೆ ‘ಪಡೆ’ ಎಂದು ಥಟ್ಟನೆ ಹೇಳಿಬಿಡುತ್ತೇವೆ. ‘ಐ ಗಾಟ್ ಎ ಲೆಟರ್’ ಎಂಬಲ್ಲಿ ಆ ಅರ್ಥ ಹೊಂದುತ್ತದೆ, ನಿಜ. ಆದರೆ ‘ಇಟ್ ಈಸ್ ಗೆಟಿಂಗ್ ಡಾರ್ಕ್’ ಎಂದಾಗ ಯಾರೂ ಏನನ್ನೂ ಪಡೆಯುವುದಿಲ್ಲ, ಕತ್ತಲಾಗುತ್ತದೆ, ಅಷ್ಟೆ. ‘ವಿ ಗಾಟ್ ಹೋಮ್ ಲೇಟ್’ ಎಂದರೆ ಮನೆ ಸೇರುವುದು ತಡವಾಯಿತು ಎಂದು; ‘ಐ ಡಿಡಂಟ್ ಗೆಟ್ ದ ಜೋಕ್’ ಎಂದರೆ ಹಾಸ್ಯ ಅರ್ಥವಾಗಲಿಲ್ಲ ಎಂದು. ಹೀಗೆ ನಿಘಂಟಿನಲ್ಲಿ ಉದ್ದಕ್ಕೂ ಹಬ್ಬಿರುವ ಅರ್ಥಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಹೊರಟರೆ ಅದಕ್ಕೆ ಕೊನೆಯೇ ಇರುವುದಿಲ್ಲವಾದ್ದರಿಂದ, ಅವುಗಳಲ್ಲಿ ಬಹುಪಾಲನ್ನು ಹೆಣೆದಿರುವ ಒಂದು ಎಳೆಯನ್ನು ಹಿಡಿಯುವುದು ಲೇಸು.

‘ಹ್ಯಾವ್’ ಮತ್ತು ‘ಬಿ’ ಎಂಬ ಕ್ರಿಯಾಪದಗಳು ಇರುವ ಸ್ಥಿತಿಯನ್ನು ಹೇಳುತ್ತವೆ. ‘ಗೆಟ್’ ಆ ಸ್ಥಿತಿಗೆ ಬಂದು ಸೇರುವುದನ್ನು ಹೇಳುತ್ತದೆ. ‘ಐ ಹ್ಯಾವ್ ಎ ಜಾಬ್’ ಎನ್ನುವವನಿಗೆ ಕೆಲಸವಿದೆ. ‘ಐ ಗಾಟ್ ಎ ಜಾಬ್’ ಎನ್ನುವವನಿಗೆ ಕೆಲಸ ಸಿಕ್ಕಿತು. ‘ಶಿ ವಾಸ್ ಆ್ಯಂಗ್ರಿ’ ಎಂದರೆ ಅವಳು ಸಿಟ್ಟಿನಲ್ಲಿದ್ದಳು. ‘ಶಿ ಗಾಟ್ ಆ್ಯಂಗ್ರಿ’ ಎಂದರೆ ಅವಳಿಗೆ ಸಿಟ್ಟು ಬಂತು. ‘ಗೊತ್ತಿದೆ’ ಎಂಬುದಕ್ಕೂ ‘ಗೊತ್ತಾಯಿತು’ ಎಂಬುದಕ್ಕೂ ಇರುವ ಅಂತರವನ್ನು ಬಲ್ಲ ಕನ್ನಡಿಗರಿಗೆ ಈ ಭೇದ ಹೊಸದಲ್ಲ. ತೊಡಕಿರುವುದು ಬೇರೆ ಕಡೆ. ನಾವು ‘ನನಗೆ ನೆಗಡಿ ಬಂತು’ ಎಂದು ಅನುಭವಿಸಿದವನನ್ನು ಚತುರ್ಥಿ ವಿಭಕ್ತಿಯಲ್ಲಿ ನಿಲ್ಲಿಸುತ್ತೇವೆ. ಇಂಗ್ಲಿಷಿನ ‘ಐ ಗಾಟ್ ಎ ಕೋಲ್ಡ್’ ಎಂಬ ವಾಕ್ಯದಲ್ಲಾದರೋ, ಏನನ್ನೂ ಮಾಡದ ಆ ಬಡಪಾಯಿಯೇ ಕರ್ತೃವಾಗಿಬಿಡುತ್ತಾನೆ.

ಈ ಪದದ ಅತ್ಯಂತ ಸ್ವಾರಸ್ಯಕರವಾದ ಬಳಕೆ ಇರುವುದು ಬೇರೆಯವರಿಂದ ಕೆಲಸ ಮಾಡಿಸಿಕೊಳ್ಳುವ ಸಂದರ್ಭದಲ್ಲಿ. ಕ್ಷೌರ ಮಾಡಿಸಿಕೊಂಡು ಬಂದವನು ‘ಐ ಕಟ್ ಮೈ ಹೇರ್’ ಎಂದರೆ, ಕತ್ತರಿ ಹಿಡಿದವನು ತಾನೇ ಎಂಬ ಅರ್ಥ ಬರುತ್ತದೆ. ‘ಐ ಗಾಟ್ ಮೈ ಹೇರ್ ಕಟ್’ ಎನ್ನಬೇಕು. ಕನ್ನಡದ ‘ಮಾಡಿಸಿಕೊಂಡೆ’ ಎಂಬ ಒಂದೇ ಪದದಲ್ಲಿ ‘ಇಸು’ ಪ್ರತ್ಯಯವೂ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವೂ ಸೇರಿ ಮಾಡುವ ಕೆಲಸವನ್ನು ಅಲ್ಲಿ ‘ಗಾಟ್’ ಮಾಡುತ್ತದೆ. ಆದರೆ ವಸ್ತುವಿನ ಹೆಸರು ನಡುವೆ ಬಂದು, ಕ್ರಿಯೆಯ ಭೂತಕೃದಂತ ರೂಪ, ಇಲ್ಲಿ ‘ಕಟ್’, ಅದರ ನಂತರ ಬರಬೇಕು. ಕೆಲಸ ಮಾಡುವ ವ್ಯಕ್ತಿಯನ್ನೇ ಹೇಳುವುದಾದರೆ ‘ಐ ಗಾಟ್ ಹಿಮ್ ಟು ಸೈನ್’ ಎಂದು ‘ಟು’ ಸೇರುತ್ತದೆ. ‘ಐ ಮೇಡ್ ಹಿಮ್ ಸೈನ್’ ಎಂಬಲ್ಲಿ ‘ಟು’ ಇಲ್ಲ, ಧ್ವನಿಯೂ ಬೇರೆ: ಮೊದಲನೆಯದರಲ್ಲಿ ಹೇಗೋ ಒಪ್ಪಿಸಿ ಸಹಿ ಹಾಕಿಸಿದ್ದು, ಎರಡನೆಯದರಲ್ಲಿ ಬೇಡವೆಂದರೂ ಬಿಡದೆ ಹಾಕಿಸಿದ್ದು.

ಕರ್ಮಣಿ ಪ್ರಯೋಗದಲ್ಲೂ ‘ಗೆಟ್’ ಬರುತ್ತದೆ. ‘ಹಿ ಗಾಟ್ ಕಾಟ್’ ಎಂಬುದಕ್ಕೆ ‘ಅವನು ಹಿಡಿಯಲ್ಪಟ್ಟನು’ ಎಂಬ ಪುಸ್ತಕದ ಕನ್ನಡಕ್ಕಿಂತ ‘ಸಿಕ್ಕಿಬಿದ್ದ’ ಎಂಬ ಮಾತೇ ಹತ್ತಿರ. ಅನಿರೀಕ್ಷಿತವಾದ, ಹೆಚ್ಚಾಗಿ ಬೇಡವಾದ ಸಂಗತಿಗಳಿಗೆ ಈ ರೂಪ ಒಗ್ಗುತ್ತದೆ.

ಈ ಪದ ಮೂಲತಃ ಇಂಗ್ಲಿಷಿನದಲ್ಲ. ಉತ್ತರದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯ ‘ಗೆಟ’ ಎಂಬ ಧಾತುವಿನಿಂದ ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ಇದರ ಜ್ಞಾತಿರೂಪವು, ಎಂದರೆ ಒಂದೇ ಮೂಲದಿಂದ ಹುಟ್ಟಿದ ಸೋದರ ರೂಪವು, ಉಪಸರ್ಗದೊಡನೆ ಸಮಸ್ತಪದಗಳಲ್ಲಿ ಉಳಿದಿತ್ತು. ‘ಫರ್ಗೆಟ್’, ‘ಬಿಗೆಟ್’ ಎಂಬ ಇಂದಿನ ಪದಗಳಲ್ಲಿ ಅದು ಕಾಣುತ್ತದೆ. ‘ಫರ್ಗಾಟನ್’ ಎಂಬಂತೆಯೇ ‘ಗಾಟನ್’ ಎಂಬ ಕೃದಂತವೂ ಹಿಂದೆ ಇಂಗ್ಲೆಂಡಿನಲ್ಲಿ ರೂಢಿಯಲ್ಲಿತ್ತು. ಬ್ರಿಟನ್ನಿನವರು ಅದನ್ನು ಬಹುಮಟ್ಟಿಗೆ ಕೈಬಿಟ್ಟರು, ಅಮೆರಿಕದವರು ಉಳಿಸಿಕೊಂಡರು. ಆದ್ದರಿಂದ ಅದನ್ನು ಅಮೆರಿಕನ್ನರು ಕೆಡಿಸಿದ ರೂಪವೆಂದು ಮೂಗು ಮುರಿಯುವುದು ಸಲ್ಲದು. ಅಷ್ಟೇ ಅಲ್ಲ, ಅಮೆರಿಕದಲ್ಲಿ ‘ಐ ಹ್ಯಾವ್ ಗಾಟ್ ಎ ಕಾರ್’ ಎಂದರೆ ಕಾರು ಇದೆ ಎಂದೂ ‘ಐ ಹ್ಯಾವ್ ಗಾಟನ್ ಎ ಕಾರ್’ ಎಂದರೆ ಕಾರು ದೊರಕಿಸಿಕೊಂಡಿದ್ದೇನೆ ಎಂದೂ ಎರಡು ಬೇರೆ ಅರ್ಥಗಳಾಗುತ್ತವೆ.

ಬರವಣಿಗೆಯಲ್ಲಿ ‘ಗೆಟ್’ ಬಳಸಬಾರದೆಂದು ಅದು ಕಂಡಲ್ಲೆಲ್ಲ ಕೆಂಪು ಶಾಯಿಯಿಂದ ಹೊಡೆದುಹಾಕುವ ಶಿಕ್ಷಕರಿದ್ದಾರೆ. ಅರ್ಜಿಯಲ್ಲಿ, ವರದಿಯಲ್ಲಿ ‘ರಿಸೀವ್’, ‘ಅಬ್ಟೇನ್’, ‘ಬಿಕಮ್’ ಮುಂತಾದವು ಹೆಚ್ಚು ಒಪ್ಪುತ್ತವೆ ಎಂಬುದು ಸರಿಯೇ. ಆದರೆ ಆಡುಮಾತಿನಲ್ಲೂ ಅದನ್ನು ತಪ್ಪಿಸಲು ಹೋಗಿ, ‘ಐ ಆ್ಯಮ್ ಗೆಟಿಂಗ್ ಟಯರ್ಡ್’ ಎನ್ನುವ ಬದಲು ‘ಐ ಆ್ಯಮ್ ಬಿಕಮಿಂಗ್ ಟಯರ್ಡ್’ ಎಂದರೆ ವ್ಯಾಕರಣ ತಪ್ಪುವುದಿಲ್ಲ, ಮಾತು ಮಾತ್ರ ಬಿಗಿದುಕೊಳ್ಳುತ್ತದೆ. ಬೆಳಗ್ಗೆ ಹಾಸಿಗೆ ಬಿಟ್ಟು ಏಳುವುದಕ್ಕಂತೂ ‘ಗೆಟ್ ಅಪ್’ ಎಂಬುದಕ್ಕಿಂತ ಸಹಜವಾದ ಮಾತನ್ನು ಆ ಕೆಂಪು ಶಾಯಿಯ ಶಿಕ್ಷಕರೂ ತಮ್ಮ ಮನೆಯಲ್ಲಿ ಬಳಸಲಾರರು. ನಮಸ್ಕಾರ.